ಕುರುಗೋಡಿನಾಗ ಅಂಥ ಪ್ರೊಫೆಸರ್ ಯಾರೂ ಇಲ್ಲ

ನಮ್ಮ ಅಂಗಡಿಗೆ ನಗಾಕ ಅಂತ ಯಾರೂ ಬರೂದಿಲ್ಲ. ಸತ್ತವರ ಕಾಗದ, ಬಿಟ್ಟವರ ಕಾಗದ, ಪಾಲು ಕೇಳೋರ ಕಾಗದ ಹಿಡಕೊಂಡು ಬರ್ತಾರ. ಬರೂವಾಗ ಅಳೋ ಮಾರಿ, ಹೋಗೂವಾಗ ಸಿಟ್ಟಿನ ಮಾರಿ. ಆದರೂ ವಾರಕ್ಕೊಂದರ ನಗುವಂಥದ್ದು ನಡದ ನಡೀತೈತಿ. ನಕ್ಕ ಮ್ಯಾಲೆ ಯಾಕರ ನಕ್ಕೆನೋ ಅನಸ್ತೈತಿ, ಅದು ಬ್ಯಾರೆ ಮಾತು.

ಅಂಗಡಿ ಅಂದರ ಬಳ್ಳಾರಿ ಕೋರ್ಟಿನ ಹಿಂದಿನ ಓಣಿಯಾಗಿರೋ ಟೈಪಿಂಗ್ ಅಂಗಡಿ. ಕೋಟೆ ಗುಡ್ಡ ಕಾದು ಬಿಟ್ಟ ಝಳ ಪೂರಾ ಬಂದು ಅದರೊಳಗ ಕೂಡ್ತೈತಿ. ನಾನು ಕುರುಗೋಡಿನಿಂದ ಮುಂಜಾನೆ ಬಸ್ಸಿಗೆ ಬಂದು ಕಸ ಹೊಡೀತೀನಿ, ಚಾ ಕಾಸ್ತೀನಿ, ಸ್ಟಾಂಪು ಅಂಟಸ್ತೀನಿ, ಲಕೋಟೆ ಬಾಯಿ ಮುಚ್ತೀನಿ. ಸಾಲಿ ಓದಿದ್ದು ಮೂರನೆತ್ತಿ, ಅದೂ ಅರ್ಧ. ವರ್ಷದ ನಡುವ ನಮಗ ಕಲಸೂ ಅಕ್ಕೋರು ಓಡಿಹೋದರು. ಯಾರ ಜೊತಿ ಅನ್ನೂದು ನನಗ ಗೊತ್ತೈತಿ, ಇಲ್ಲಿ ಬ್ಯಾಡ.

ಎರಡು ಹೆಸರಿನ ವಾಲ್ವು

ಅಂಗಡಿ ಮಾಸ್ತರ ಮೊದಲು ಒಂದು ಉಕ್ಕಿನ ಕಾರ್ಖಾನೆಯಾಗ ಇದ್ದರು. ಅಲ್ಲಿ ಮಷೀನು ಕೂಡಸಾಕ ಜರ್ಮನಿಯವರು ಬಂದಿದ್ದರಂತ. ಅವರ ಜೊತಿ ಮೂರು ವರ್ಷ ಉಂಡು ತಿರುಗಾಡಿ ಮಾಸ್ತರ ಅವರ ಭಾಷೆ ಕಲಿತರು, ಅವರ ಸಿಟ್ಟೂ ಕಲಿತರು. ಆಮ್ಯಾಲೆ ಪರೀಕ್ಷೆ ಕಟ್ಟಿ ತರ್ಜುಮೆ ಮಾಡೂ ಸೀಲು ತಗೊಂಡರು. ನಮ್ಮ ಕಡೆ ಆ ಭಾಷೆ ಬಲ್ಲ ಸೀಲಿನ ಮನಿಷ್ಯಾ ಅವರೊಬ್ಬರ.

ಕಾರ್ಖಾನೆಯಾಗ ಅವರ ಕೆಲಸ ಮಷೀನಿನ ಪುಸ್ತಕ ಇಂಗ್ಲಿಷಿಗೆ ತರೂದು. ಒಂದು ಪುಸ್ತಕದಾಗ ಒಂದ ವಾಲ್ವಿಗೆ ಮೊದಲನೆ ಹಾಳಿಯಾಗ ಒಂದು ಹೆಸರು ಬರದರು, ಹತ್ತನೆ ಹಾಳಿಯಾಗ ಇನ್ನೊಂದು ಹೆಸರು ಬರದರು. ಓದಾಕ ಚೆಂದ ಇರಲಿ ಅಂತ. ಫಿಟ್ಟರ್ ಅದನ್ನು ಓದಿ ಎರಡು ವಾಲ್ವು ಅದಾವ ಅಂತ ತಿಳದ. ಒಂದು ಮುಚ್ಚಿ, ಇನ್ನೊಂದು ಎಲ್ಲೈತಿ ಅಂತ ಹುಡಕಾಕ ಒಳಗ ಕೈ ಹಾಕಿದ. ಎರಡು ಬೆರಳು ಹೋದವು.

ಮಾಸ್ತರ ಕಾರ್ಖಾನೆ ಬಿಟ್ಟು ಈ ಅಂಗಡಿ ಹಾಕಿದರು. ಹಾಕಿದ ದಿನ ಒಂದು ದಪ್ಪ ಪುಸ್ತಕ ತಂದು ನಡುವ ಗೆರಿ ಹೊಡದರು. ಎಡಕ್ಕ ಜರ್ಮನಿಯವರ ಮಾತು, ಬಲಕ್ಕ ನಮ್ಮ ಮಾತು. ಅದಕ್ಕ ಜೋಡಿ ಪುಸ್ತಕ ಅಂತ ಹೆಸರು. ಯಾವ ಕಾಗದಕ್ಕ ಯಾವ ದಿನ ಯಾವ ಜೋಡಿ ಬಳಸಿದೆ ಅಂತ ಪಕ್ಕದಾಗ ಬರೀಬೇಕು.

"ಒಂದು ಮಾತಿಗೆ ಒಂದ ಮಾತು," ಅಂತಿದ್ದರು. "ಒಮ್ಮೆ ಗಂಟು ಹಾಕಿದ ಜೋಡಿ ಸಾಯೂತನಕ ಬಿಚ್ಚೂದಿಲ್ಲ."

ಇಷ್ಟು ನಿಯತ್ತು ನಮ್ಮೂರ ಗಂಡಸರಾಗ ಇದ್ದಿದ್ದರ ಅರ್ಧ ಕೋರ್ಟು ಬಾಗಿಲು ಹಾಕಬೇಕಾಗ್ತಿತ್ತು.

ಆ ಫಿಟ್ಟರ್ ಈಗಲೂ ವಾರಕ್ಕೊಮ್ಮೆ ಬರ್ತಾನ. ಬಾಗಿಲಾಗ ನಿಂತು ಮೂರು ಬೆರಳಿನಿಂದ ನಮಸ್ಕಾರ ಮಾಡ್ತಾನ. "ನಿಮ್ಮ ಇಂಗ್ಲಿಷಿಗೆ ಎರಡು ಬೆರಳು ಕೊಟ್ಟೀನ್ರಿ ಮಾಸ್ತರ," ಅಂತಾನ. "ನೀವು ಒಂದು ಚಾ ಕೊಡೂದಿಲ್ಲೇನು?"

ನೀಲಿ ಹೆಬ್ಬಟ್ಟು

ನಮ್ಮ ಕುರುಗೋಡಿನ ಓಣಿಯಾಗ ಒಬ್ಬ ಮೇಸ್ತ್ರಿ ಅದಾನ. ಬಳ್ಳಾರಿಯ ಜೀನ್ಸ್ ತೊಳೆಯೋ ಯೂನಿಟ್ಟಿನಾಗ ಬಣ್ಣದ ನೀರಾಗ ನಿಂತು ನಿಂತು ಆತನ ಉಗುರು ನೀಲಿ, ಅಂಗೈ ನೀಲಿ. ಕೆಮ್ಮಿದರ ಏನು ಬಣ್ಣ ಬರ್ತೈತೋ ಆತನ ಹೆಂಡ್ತಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲಿಲ್ಲ ಅಂದರ ಎರಡು ಸಲ ಅಷ್ಟ ಕೇಳಿದೆ. ಆ ಯೂನಿಟ್ಟಿನ ಗಟಾರದಾಗ ತಂಪಿಗೆ ಅಂತ ಮಲಗಿದ ಬಿಳೇ ನಾಯಿ ಎದ್ದಾಗ ನೀಲಿ ಆಗಿರ್ತಿತ್ತು.

ಆತನ ಮಗಳು ಆ ಗಟಾರ ನೋಡಕೋತ ಬೆಳದಾಕಿ. ಶ್ಯಾಣ್ಯಾಕಿ. ಆ ನೀರನ್ನು ಮತ್ತ ತಿಳಿ ಮಾಡೂ ವಿದ್ಯೆ ಜರ್ಮನಿಯಾಗ ಕಲಸ್ತಾರ ಅಂತ ಎಲ್ಲಿಂದಲೋ ತಿಳಕೊಂಡು, ಪಿಯುಸಿ ಮುಗಿಸಿ ಅರ್ಜಿ ಹಾಕಿದಳು. ಕಾಗದಗಳು ಜರ್ಮನ್ ಭಾಷೆಯಾಗ ಬೇಕು, ಸೀಲು ಬೇಕು. ಅಪ್ಪ ಮಗಳು ಇಬ್ಬರೂ ನಮ್ಮ ಅಂಗಡಿಗೆ ಬಂದರು.

ಮಾಸ್ತರ ಕನ್ನಡಕ ಏರಿಸಿ ಕುರುಗೋಡಿನ ಹೈಸ್ಕೂಲಿನ ಸರ್ಟಿಫಿಕೇಟು ಹಿಡದರು. ಅವರ ಕೆಲಸದ ರೀತಿ ಮಷೀನ್ ಬಿಚ್ಚಿದಂಗ. ಹೈ ಬಿಚ್ಚಿ ಒಂದು ಕಡೆ ಇಟ್ಟರು, ಸ್ಕೂಲು ಬಿಚ್ಚಿ ಇನ್ನೊಂದು ಕಡೆ ಇಟ್ಟರು. ಎರಡಕ್ಕೂ ಆ ಭಾಷೆಯ ಸಾಮಾನು ಹುಡುಕಿ ಮತ್ತ ಜೋಡಿಸಿದರು. ಬಂದದ್ದು 'ಹೋಖ್‌ಶೂಲ'. ಜೋಡಿ ಪುಸ್ತಕದಾಗ ಬರದು, ಆ ಹುಡುಗಿ ಹೆಸರು ಪಕ್ಕದಾಗ ಹಾಕಿದರು.

"ಇದು ಸರಿ ಐತೇನ್ರಿ?" ಅಂದ ಮೇಸ್ತ್ರಿ, ಕಾಗದದ ಮ್ಯಾಲೆ ಬೆರಳಿಟ್ಟು.

"ಬೆರಳು ತಗಿಯೋ ಮಾರಾಯ. ನಾನಿನ್ನೂ ಸೀಲು ಒತ್ತಿಲ್ಲ, ನೀ ಆಗಲೇ ಒತ್ತಿಬಿಟ್ಟಿ," ಅಂದರು ಮಾಸ್ತರ.

ಹಾಳಿಯ ಮೂಲಿಗೆ ನೀಲಿ ಹೆಬ್ಬಟ್ಟು ಮೂಡಿತ್ತು. ಮತ್ತ ಟೈಪ್ ಮಾಡಾಕ ಹೊತ್ತಿರಲಿಲ್ಲ, ಹಂಗ ಕಳಿಸಿದರು. ಹುಡುಗಿಯನ್ನು ಅಲ್ಲಿ ಕರಕೊಂಡರು, ಓದೂ ಖರ್ಚನ್ನೂ ಅವರೇ ನೋಡಕೊಂಡರು. ಆರು ತಿಂಗಳು ನಾನು ಓಣಿಯಾಗ ಹೇಳಕೋತ ತಿರುಗಿದೆ, ಆ ದೇಶದಾಗ ಅಪ್ಪನ ಹೆಬ್ಬಟ್ಟು ನೋಡಿ ಸೀಟು ಕೊಡ್ತಾರ ಅಂತ. ಇಬ್ಬರು ಹುಡುಗರ ಅಪ್ಪಂದಿರು ಬಂದು ನನ್ನ ಸ್ಟಾಂಪಿನ ಪ್ಯಾಡು ಕೇಳಿದರು.

ಅಂಗನವಾಡಿಯ ಡಾಕ್ಟರು

ಆರು ವರ್ಷಕ್ಕ ಹುಡುಗಿ ತಿರುಗಿ ಬಂದಳು. ಕೂದಲು ಗಿಡ್ಡ ಆಗಿತ್ತು, ಮಾತೂ ಗಿಡ್ಡ ಆಗಿತ್ತು. ಬಳ್ಳಾರಿಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಾಗ ಬಟ್ಟೆಯ ವಿಭಾಗ ಹೊಸದಾಗಿ ತೆಗದಿದ್ದರು. ಪಾಠ ಹೇಳಾಕ ಆಕಿಯನ್ನು ಕರದರು. ಅಪ್ಪ ನಿಂತ ಗಟಾರದ ನೀರು ತಿಳಿ ಮಾಡೂ ವಿದ್ಯೆಯನ್ನು ಆ ಊರ ಹುಡುಗರಿಗೇ ಕಲಸಬೇಕು ಅನ್ನೂದು ಆಕಿ ಆಸೆ. ಬ್ಯಾರೆ ಊರಿನಿಂದ ಬಂದ ಕರೆ ಬಿಟ್ಟು ಇದಕ್ಕ ಕಾದಳು.

ಕಾಲೇಜಿನವರ ಷರತ್ತು ಒಂದು. ಜರ್ಮನ್ ಡಿಗ್ರಿ ಇಂಗ್ಲಿಷಿಗೆ ಆಗಬೇಕು, ಅದು ಸೀಲು ಮಾಡಿದ ಲಕೋಟೆಯಾಗ ನೇರ ಅವರ ಕೈಗೆ ಹೋಗಬೇಕು. ಅಭ್ಯರ್ಥಿ ಅದನ್ನು ಮುಟ್ಟಬಾರದು.

ಅಲ್ಲಿ ಮೇಲಿನ ಓದಿನ ಸಾಲಿಗಳಾಗ ಎರಡು ಮೂರು ಜಾತಿ ಅದಾವಂತ. ಒಂದು ಬರೇ ಯೂನಿವರ್ಸಿಟಿ. ಇನ್ನೊಂದು ಕೈಯಿಂದ ಮಾಡಿ ಕಲಿಯೋ ವಿದ್ಯೆಯದು; ಡಿಗ್ರಿ ಅಲ್ಲೂ ಕೊಡ್ತಾರ, ಆದರ ಹೆಸರು ಬ್ಯಾರೆ. ಹುಡುಗಿ ಓದಿದ್ದು ಎರಡನೆ ಜಾತಿಯಾಗ. ಅದಕ್ಕ 'ಫಾಖ್‌ಹೋಖ್‌ಶೂಲ' ಅಂತಾರ. ಮಾಸ್ತರ ಅದನ್ನು ಅಂದರ ಗಂಟಲಾಗಿನ ಕಫ ಕಿತ್ತು ಬಂದಂಗ ಆಗ್ತಿತ್ತು.

ಮಾಸ್ತರ ಬಿಚ್ಚಿದರು. ಮೊದಲಿನ ತುಂಡಿಗೆ 'ವಿಷಯ' ಅಂತ ಸಾಮಾನು ಸಿಕ್ಕಿತು. ಉಳಿದ 'ಹೋಖ್‌ಶೂಲ'ಕ್ಕ ಜೋಡಿ ಪುಸ್ತಕ ತೆಗದರು. ಅದಕ್ಕ ಹೈಸ್ಕೂಲಿನ ಜೊತಿ ಆಗಲೇ ಮದುವಿ ಆಗಿತ್ತಲ್ಲ. ಇಂಗ್ಲಿಷಿನಾಗ 'ವಿಷಯ ಹೈಸ್ಕೂಲು' ಅಂತ ಬರದು ಸೀಲು ಒತ್ತಿ ನನ್ನ ಕೈಗೆ ಕೊಟ್ಟರು. ಲಕೋಟೆ ಬಾಯಿ ಅಂಟಿಸಿದಾಕಿ ನಾನ. ಗಟ್ಟಿ ಅಂಟು ಹಚ್ಚಿದೆ.

ಸಂದರ್ಶನದಾಗ ಮೂವರು ಕೂತಿದ್ದರಂತ. ಅಧ್ಯಕ್ಷರು ಲಕೋಟೆ ಒಡದು ಓದಿದರು, ಮತ್ತ ಓದಿದರು, ಪಕ್ಕದವರಿಗೆ ಕೊಟ್ಟರು.

"ಅಮ್ಮಾ, ನೀನು ಮಾಸ್ಟರ್ ಡಿಗ್ರಿ ತಗೊಂಡದ್ದು ಹೈಸ್ಕೂಲಿನಾಗೇನು?"

"ಇಲ್ಲ ಸಾರ್, ಅದು ತರ್ಜುಮೆಯಾಗ..."

"ಸೀಲು ಐತಲ್ಲಮ್ಮ," ಅಂದು ಅಧ್ಯಕ್ಷರು ಕನ್ನಡಕ ತೆಗದು ಒರಸಿದರಂತ. "ಹೈಸ್ಕೂಲಿನಾಗ ಮಾಸ್ಟರ್ ಕೊಟ್ಟರ, ಅವರ ಅಂಗನವಾಡಿಯಾಗ ಡಾಕ್ಟರೇಟ್ ಕೊಡ್ತಾರೇನು?"

ಮೂವರೂ ನಕ್ಕರಂತ. ನಕ್ಕ ಮ್ಯಾಲೆ ಎಂಟು ದಿನ ಕೊಟ್ಟರು. ಅದ ಮಾಸ್ತರ, ಅದ ಸೀಲು, ಸರಿ ಮಾಡಿದ ಕಾಗದ. ಇಲ್ಲಂದರ ಕೆಲಸ ಇನ್ನೊಬ್ಬರಿಗೆ.

ನಾನು ಹೇಳಿದ್ದು ಒಬ್ಬಾಕಿಗೆ

ಇದನ್ನು ನಾನು ಒಬ್ಬಾಕಿಗಷ್ಟ ಹೇಳಿದೆ. ಬಸ್ಸಿನಾಗ ಬರೋ ಬಳಿ ಮಾರಾಕಿಗೆ. ಆಕಿ ಕುರುಗೋಡು, ಸಿರುಗುಪ್ಪ, ಹಚ್ಚೊಳ್ಳಿ, ರಾರಾವಿ ಎಲ್ಲ ಕಡೆ ಕೈ ಹಿಡದು ಬಳಿ ತೊಡಸ್ತಾಳ. ಕೈ ಸಿಕ್ಕಿಕೊಂಡಿರೋ ಹೆಂಗಸು ಎಲ್ಲಿಗೆ ಓಡ್ತಾಳ, ಕೇಳಲೇಬೇಕು. ಗೊತ್ತಿದ್ದ ಹೇಳಿದೆನೋ, ಗೊತ್ತಿಲ್ಲದ ಹೇಳಿದೆನೋ, ಈಗ ಕೇಳಿದರ ನಾನೇನು ಹೇಳಲಿ. ಬಾಯಿ ಮುಚ್ಚೂ ವಿಷಯದಾಗ ನನ್ನ ಕೈ ಗಟ್ಟಿ ಲಕೋಟೆಗಷ್ಟ.

ಮೂರನೆ ದಿನಕ್ಕ ಸಿರುಗುಪ್ಪದಿಂದ ಒಬ್ಬ ದೊಡ್ಡ ಹೆಣಮಗಳು ಮೇಸ್ತ್ರಿ ಮನಿಗೆ ಬಂದಳು. ಆಕಿ ಮಗನಿಗೆ ಈ ಹುಡುಗಿಯನ್ನು ಕೊಡೂ ಮಾತು ನಡದಿತ್ತು. ಭತ್ತದ ಗದ್ದಿ ಇದ್ದವರು, ಕಾಲುವಿ ನೀರಿನಷ್ಟ ಮಾತೂ ಹರಿಯೋರು. ನಾನು ಸಕ್ಕರಿ ಕೇಳೂ ನೆವದಾಗ ಒಳಗ ಹೋದೆ. ಹೋಗದಿದ್ದರ ನಿಮಗ ಹೇಳೋರು ಯಾರು?

"ಆರು ವರ್ಷ ಅಲ್ಲೇನು ಓದಿದಳ್ರಿ ನಿಮ್ಮ ಮಗಳು?" ಅಂದಳು ಆಕಿ, ಕೊಟ್ಟ ನೀರು ಮುಟ್ಟದ.

"ದೊಡ್ಡ ಓದ್ರಿ ಅದು," ಅಂದ ಮೇಸ್ತ್ರಿ, ನೀಲಿ ಕೈ ಟವಲ್ಲಿನಾಗ ಮುಚ್ಚಿಕೊಂಡು.

"ಹೈಸ್ಕೂಲಂತ. ಸೀಲು ಬಿದ್ದೈತಂತ."

"ಅದು ನಮ್ಮ ಹೈಸ್ಕೂಲಲ್ಲ ಅತ್ತೀ," ಅಂದಳು ಹುಡುಗಿ ಬಾಗಿಲ ಮರಿಯಿಂದ. "ಹೆಸರು ಹಂಗ ಐತಿ ಅಷ್ಟ."

"ಹೆಸರು ಹಂಗಿದ್ದರ ಜನ ಹಂಗ ಕರೀತಾರ ತಂಗಿ." ಆಕಿ ಎದ್ದು ಸೆರಗು ಝಾಡಿಸಿದಳು. "ವಿಮಾನ ಹತ್ತಿ ಹೋಗಿ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ಸೊಸಿ ನಮಗ್ಯಾಕವ್ವ? ನಮ್ಮ ಹುಡುಗ ಇಲ್ಲೇ ಸೈಕಲ್ ಮ್ಯಾಲೆ ಹೋಗಿ ಫೇಲಾಗಿ ಬಂದಾನ."

ಆಕಿ ಹೋದ ಮ್ಯಾಲೆ ಮೇಸ್ತ್ರಿ ಬಾಳ ಹೊತ್ತು ತನ್ನ ಕೈ ನೋಡಕೋತ ಕೂತ. ಹುಡುಗಿ ನನ್ನ ನೋಡಿದಳು. ನಾನು ಸಕ್ಕರಿ ಬಟ್ಟಲು ಅಲ್ಲೇ ಬಿಟ್ಟು ಬಂದೆ.

ಎರಡನೆ ಗಂಡ

ಐದನೆ ದಿನ ಹುಡುಗಿ ಅಂಗಡಿಗೆ ಬಂದಳು. ಫಿಟ್ಟರನೂ ಚಾಕ್ಕ ಅಂತ ಬಂದು ಮೂಲ್ಯಾಗ ಕೂತಿದ್ದ. ಆಕಿ ತನ್ನ ಸಾಲಿಯ ಒಂದು ಕಾಗದ ಟೇಬಲ್ಲಿನ ಮ್ಯಾಲೆ ಇಟ್ಟಳು.

"ಸಾರ್, ಇಲ್ಲಿ ನೋಡ್ರಿ. ಜರ್ಮನ್ ಹೆಸರಿನ ಕೆಳಗ ಅವರೇ ಇಂಗ್ಲಿಷಿನಾಗ ಬರಕೊಂಡಾರ. 'ಯೂನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್.' ಇದನ್ನ ಹಾಕ್ರಿ ಸಾಕು."

"ಅವರು ತಮ್ಮನ್ನ ತಾವು ಏನು ಬೇಕಾದರೂ ಕರಕೊಳ್ಳಲಿ," ಅಂದರು ಮಾಸ್ತರ. "ನಮ್ಮ ಓಣಿಯಾಗ ನಾಕು ಮಂದಿ ಡಾಕ್ಟರ್ ಅಂತ ಬೋರ್ಡು ಹಾಕ್ಯಾರ. ನಾ ಅವರ ಕಡೆ ಇಂಜೆಕ್ಷನ್ ತಗೊಳ್ಲೇನು?"

"ಅಲ್ಲಿ ಸರ್ಕಾರನೂ ಹಂಗ ಒಪ್ಪೈತಿ ಸಾರ್."

"ಯೂನಿವರ್ಸಿಟಿ ಅನ್ನೂದಕ್ಕ ಅವರಲ್ಲಿ ಬ್ಯಾರೆ ಮಾತೈತಿ ಮಗಳ. ಆ ಮಾತಿಗೂ ಯೂನಿವರ್ಸಿಟಿಗೂ ಜೋಡಿ ಆಗಿಹೋಗೈತಿ. ಯೂನಿವರ್ಸಿಟಿಯನ್ನು ನಿನ್ನ ಸಾಲಿಗೆ ಎರಡನೆ ಗಂಡ ಅಂತ ಹೆಂಗ ಕಟ್ಟಲಿ?"

"ಕಟ್ಟ್ರಿ ಅತ್ತಾಗ," ಅಂದೆ ನಾನು. "ಊರಾಗ ಎಷ್ಟು ಮಂದಿ ಕಟ್ಟಿಕೊಂಡಿಲ್ಲ? ಹೆಸರು ಬೇಕಂದರ ಹೇಳ್ತೀನಿ."

ಯಾರೂ ನಗಲಿಲ್ಲ. ಹುಡುಗಿ ತಣ್ಣಗ ಅಂದಳು, "ಸಾರ್, ನಮ್ಮಪ್ಪ ಮೂರು ದಿನದಿಂದ ಕೆಲಸಕ್ಕ ಹೋಗಿಲ್ಲ. ಯೂನಿಟ್ಟಿನಾಗ ಎಲ್ಲರೂ ಕೇಳ್ತಾರ, ಮಗಳು ಹತ್ತನೆತ್ತಿ ಪಾಸಾದಳೇನು ಅಂತ."

ಮಾಸ್ತರ ಫಿಟ್ಟರನ ಕೈ ಕಡೆ ನೋಡಿದರು. ಫಿಟ್ಟರ್ ಕೈಯನ್ನು ಕಿಸೆಯಾಗ ಇಟ್ಟುಕೊಂಡ. ಆಮ್ಯಾಲೆ ಮಾಸ್ತರ ನಾನು ಎಂದೂ ಕಾಣದ ಕೆಲಸ ಮಾಡಿದರು. ಜೋಡಿ ಪುಸ್ತಕ ತೆಗದು ಕೆಂಪು ಪೆನ್ನು ಹಿಡದರು. ಜೋಡಿ ಹೊಡದು ಹಾಕಾಕ.

ಆ ಸಾಲಿನ ಮ್ಯಾಲೆ ಪೆನ್ನು ಇಟ್ಟವರು ಅಲ್ಲೇ ನಿಂತರು. ಪಕ್ಕದಾಗ ಎರಡು ಸಲ ಈ ಹುಡುಗಿ ಹೆಸರಿತ್ತು. ಈಗಿನದೊಂದು, ಆರು ವರ್ಷದ ಹಿಂದಿನದೊಂದು.

"ಮಗಳ," ಅಂದರು, "ನಿನ್ನ ಅಲ್ಲಿ ಹೆಂಗ ತಗೊಂಡರು?"

ಹುಡುಗಿಗೆ ತಿಳೀಲಿಲ್ಲ. "ಅರ್ಜಿ ನೋಡಿ ತಗೊಂಡರು ಸಾರ್. ನಮ್ಮ ದೇಶದಿಂದ ಪಿಯುಸಿ ಮುಗಿಸಿ ಹೋದವರಿಗೆ ಮೊದಲು ಒಂದು ವರ್ಷ ಬ್ಯಾರೆ ಕಲಸ್ತಾರ, ಪರೀಕ್ಷೆ ಇಡ್ತಾರ. ನನಗ ಅದು ಬ್ಯಾಡ ಅಂದರು. ನೀನು ಆಗಲೇ ಮೂರು ವರ್ಷ ಹೋಖ್‌ಶೂಲದಾಗ..."

ಅಲ್ಲಿಗೆ ಆಕಿ ಪುಸ್ತಕದ ಆ ಸಾಲಿನ ಮ್ಯಾಲೆ ಬೆರಳಿಟ್ಟಳು.

ಅಲ್ಲಿ ಹೋಖ್‌ಶೂಲ ಅಂದರ ಡಿಗ್ರಿ ಕೊಡೋ ಕಾಲೇಜು; ಕುರುಗೋಡಿನ ಹೈಸ್ಕೂಲನ್ನು ಅವರು ತಮ್ಮ ಆ ದೊಡ್ಡ ಸಾಲಿಯ ಜಾತಿಗೆ ಸೇರಿಸಿಕೊಂಡಿದ್ದರು. ಎಂಟನೆತ್ತಿ, ಒಂಬತ್ತನೆತ್ತಿ, ಹತ್ತನೆತ್ತಿ ಮೂರನ್ನೂ ಡಿಗ್ರಿ ಓದಿನಾಗ ಹಿಡದಿದ್ದರು. ಹೋಗೂವಾಗ ಮ್ಯಾಲೆ ಎತ್ತಿದ ಜೋಡಿಯೇ ಬರೂವಾಗ ಕೆಳಗ ಕೆಡವಿತ್ತು.

ಮಾಸ್ತರ ಬಿಡಿಸಿ ಹೇಳಿದರು. ಸೀಲಿನ ನಿಯಮದಂಗ ತಿದ್ದಿದ ಕಾಗದದ ಜೊತಿ ಈ ಪುಸ್ತಕದ ಹಾಳಿಯ ನಕಲು ಹೋಗಬೇಕು. ಕಾಲೇಜಿನವರು ಅದನ್ನು ಪರಿಶೀಲನೆಗೆ ಜರ್ಮನಿಗೇ ಕಳಸ್ತಾರ. ಅಲ್ಲಿಯವರು ಎರಡೂ ಸಾಲು ನೋಡ್ತಾರ. ನೋಡಿದರ ಮೊದಲು ವಾಪಸ್ ಕೇಳೂದು ಡಿಗ್ರಿಯನ್ನ.

"ನಿಮ್ಮ ತಪ್ಪಿನಿಂದ ಹೋಗಿ ಓದಿದೆ ಸಾರ್," ಅಂದಳು ಹುಡುಗಿ. "ಅದನ್ನ ತಿದ್ದಿದರ ಓದಿದ್ದೂ ಹೋಗ್ತೈತಿ."

ಮಾಸ್ತರ ಪೆನ್ನಿಗೆ ಟೋಪಿ ಹಾಕಿದರು. ಮೂಲ್ಯಾಗಿಂದ ಫಿಟ್ಟರ್ ಅಂದ, "ನನಗ ಎರಡು ಹೆಸರಿಟ್ಟು ಕೆಡಿಸಿದ್ರಿ, ಈಕಿಗೆ ಒಂದ ಹೆಸರಿಟ್ಟು ಕೆಡಿಸಿದ್ರಿ. ಮಾಸ್ತರ, ನೀವು ಹೆಸರಿಡೂದ ಬಿಟ್ಟರ ಹೆಂಗ?"

ಹುಡುಗಿ ಮೆಟ್ಟಿಲು ಇಳಿಯೂವಾಗ ನನ್ನ ಕಡೆ ತಿರುಗಿದಳು. ಬೈತಾಳ ಅಂತ ತಿಳದಿದ್ದೆ, ಬೈಲಿಲ್ಲ.

"ಅಜ್ಜಿ, ಇನ್ನ ಮುಂದ ನನ್ನ ಬಗ್ಗೆ ಯಾರ ಏನ ಕೇಳಲಿ, 'ನನಗ ಗೊತ್ತಿಲ್ಲ' ಅನ್ನು. ಇಷ್ಟು ಮಾಡ್ತೀ?"

ಮಾಡ್ತೀನಿ ಅಂದೆ. ಬಸವಣ್ಣನ ಮ್ಯಾಲೆ ಕೈ ಇಟ್ಟಂಗ ಅಂದೆ.

ಬಾಯಿ ಮುಚ್ಚಿದ ದಿನ

ತಿದ್ದಿದ ಕಾಗದ ಹೋಗಲಿಲ್ಲ, ಕಾಲೇಜಿನ ಕೆಲಸ ಇನ್ನೊಬ್ಬರಿಗೆ ಹೋಯಿತು. ಹುಡುಗಿ ತಾನು ಓದಿದ ಕುರುಗೋಡಿನ ಹೈಸ್ಕೂಲಿನಾಗ ವಿಜ್ಞಾನ ಹೇಳಾಕ ಸೇರಿದಳು. ಒಂಬತ್ತನೆತ್ತಿಯ ಹುಡುಗರಿಗೆ ಬಾಟಲಿಯಾಗ ನೀಲಿ ನೀರು ತಂದು ತಿಳಿ ಮಾಡಿ ತೋರಸ್ತಾಳಂತ. ಮೇಸ್ತ್ರಿ ಮತ್ತ ಕೆಲಸಕ್ಕ ಹೊಂಟ. ಕೆಮ್ಮು ಹೆಚ್ಚಾಗಿತ್ತು.

ವರ್ಷ ಆದ ಮ್ಯಾಲೆ ಜರ್ಮನಿಯಿಂದ ಆಕಿಯ ಹಳೇ ಗುರುಗಳು ಬರದರು. ತಮ್ಮ ಲ್ಯಾಬಿನಾಗ ಒಂದು ಜಾಗ ಐತಿ, ಈಗ ಎಲ್ಲಿ ಕೆಲಸ ಮಾಡ್ತಿ ಅನ್ನೂದರ ಪ್ರಮಾಣಪತ್ರ ಕಳಿಸು ಅಂತ. ಪತ್ರ ಜರ್ಮನ್ ಭಾಷೆಯಾಗ ಬೇಕು, ಸೀಲು ಬೇಕು.

ಆಕಿ ಮತ್ತ ನಮ್ಮ ಅಂಗಡಿಗೇ ಬಂದಳು. ಮಾಸ್ತರ ಜೋಡಿ ಪುಸ್ತಕ ತೆಗದು ಆ ಹಳೇ ಸಾಲು ನೋಡಿದರು. ಸಾಲಿ ಅದ, ಊರು ಅದ, ಹುಡುಗಿ ಆಕಿನ. ಮೊದಲಿನ ಕಾಗದದಾಗ ಹೋಖ್‌ಶೂಲ ಅಂತಿದ್ದದ್ದು ಈಗ ಬ್ಯಾರೆ ಆದರ ಅಲ್ಲಿ ಯಾರರ ಕೇಳೇ ಕೇಳ್ತಾರ.

"ಅದನ್ನ ಬರೀರಿ ಸಾರ್," ಅಂದಳು ಆಕಿ, ಗೋಡಿ ನೋಡಕೋತ. "ನನಗೀಗ ಬ್ಯಾರೆ ದಾರಿ ಎಲ್ಲೈತಿ."

ಬರದರು. ನಾನು ಲಕೋಟೆ ಅಂಟಿಸಿದೆ. ಯಾರಿಗೂ ಹೇಳಲಿಲ್ಲ. ಬಳಿ ಮಾರಾಕಿ ಬಸ್ಸಿನಾಗ ಎರಡು ಸಲ ಕೈ ಒತ್ತಿ ಕೇಳಿದಳು, ಕಿಟಕಿ ಹೊರಗ ಹತ್ತಿ ಹೊಲ ನೋಡಿದೆ.

ಎರಡು ತಿಂಗಳಿಗೆ ಒಂದು ಮುಂಜಾನೆ ಕುರುಗೋಡಿನ ಬಸ್‌ಸ್ಟ್ಯಾಂಡಿನಾಗ ಹೊಸ ಅಂಚೆಯಣ್ಣ ನನ್ನ ಹತ್ತಿರ ಬಂದ. ಕೋರ್ಟಿನ ಅಜ್ಜಿಗೆ ಗೊತ್ತಿಲ್ಲದ ಮನಿ ಇಲ್ಲ ಅಂತ ಯಾರೋ ಹೇಳಿದ್ದರಂತ. ಅವನ ಕೈಯಾಗ ಉದ್ದನ್ನ ಬಿಳೇ ಲಕೋಟೆ, ಮ್ಯಾಲೆ ಪರದೇಶದ ಸ್ಟಾಂಪು. ಸ್ಟಾಂಪು ಅಂಟಿಸಿದ್ದು ಸೊಟ್ಟ.

"ಅಜ್ಜಿ, ಈ ಊರಾಗ ಪ್ರೊಫೆಸರ್ ಯಾರ ಅದಾರ?"

"ಯಾಕೋ?"

"ಇಲ್ಲಿ ನೋಡು, 'ಪ್ರೊಫೆಸರ್' ಅಂತ ಬರದು ಒಂದು ಹೆಣಮಗಳ ಹೆಸರು ಬರದಾರ. ಕೆಳಗ 'ಹೋಖ್‌ಶೂಲ, ಕುರುಗೋಡು' ಅಂತೈತಿ. ಹಂಗಂದರ ಯಾವ ಓಣಿ?"

ಈ ಸೀಮೆಯಾಗ ಆ ಮಾತಿನ ಅರ್ಥ ನನ್ನಷ್ಟು ಬಲ್ಲವರು ಮೂವರಷ್ಟ. ಅಲ್ಲಿ ಹೋಖ್‌ಶೂಲದಾಗ ಪಾಠ ಹೇಳೋರಿಗೆ ಪ್ರೊಫೆಸರ್ ಅಂತಾರ ಅಂತ ಮಾಸ್ತರ ಒಮ್ಮೆ ಹೇಳಿದ್ದರು. ಮಾತು ಹಲ್ಲಿನ ಸಂದಿಗೆ ಬಂತು. ಬಸವಣ್ಣ ನೆನಪಾದ, ಮೇಸ್ತ್ರಿಯ ಟವಲ್ಲು ನೆನಪಾಯಿತು. ಕೊಟ್ಟ ಮಾತು ಒಮ್ಮೆಯರ ಉಳಸಬೇಕು ಅಂತ ನಾಲಿಗಿ ಕಚ್ಚಿದೆ.

"ನನಗ ಗೊತ್ತಿಲ್ಲ," ಅಂದೆ.

"ಹೈಸ್ಕೂಲಿನಾಗ ಕೇಳಲೇನು?"

"ಹೈಸ್ಕೂಲಿನಾಗ ಪ್ರೊಫೆಸರ್ ಎಲ್ಲಿರ್ತಾರೋ ಹುಚ್ಚ," ಅಂದೆ. ಅದು ಸುಳ್ಳೂ ಅಲ್ಲ.

ಅಂಚೆಯಣ್ಣ ಪೆನ್ನು ತೆಗದು ಲಕೋಟೆ ಮ್ಯಾಲೆ ಏನೋ ಬರದುಕೊಂಡು ಹೋದ. ನಾನು ಆ ದಿನ ಬಸ್ಸಿನಾಗ ನೆಟ್ಟಗ ಕೂತೆ, ಏನೋ ಪುಣ್ಯ ಕಟ್ಟಿಕೊಂಡಾಕಿಯಂಗ.

ತಿಂಗಳಾದ ಮ್ಯಾಲೆ ಹುಡುಗಿ ಅಂಗಡಿಗೆ ಬಂದು ಮೊಬೈಲಿನಾಗ ಆ ಗುರುಗಳು ಬರದದ್ದನ್ನು ಮಾಸ್ತರಿಗೆ ಓದಿ ಹೇಳಿದಳು. ಸಹಿ ಹಾಕಿದ ಕೆಲಸದ ಪತ್ರ ಅಂಚೆಯಾಗ ಕಳಿಸಿದ್ದೆವು, ತಿರುಗಿ ಬಂತು. ಅದರ ಮ್ಯಾಲೆ 'ಕುರುಗೋಡಿನಲ್ಲಿ ಇಂಥ ಪ್ರೊಫೆಸರ್ ಯಾರೂ ಇಲ್ಲ' ಅಂತ ಇಂಗ್ಲಿಷಿನಾಗ ಬರದೈತಿ. ನಿಮ್ಮ ಊರಿನ ಅಂಚೆಯವರು ಒಂದು ಹೇಳ್ತಾರ, ನಿಮ್ಮ ಸೀಲಿನ ಕಾಗದ ಒಂದು ಹೇಳ್ತೈತಿ. ಯಾವುದು ಖರೆ ಅನ್ನೂದಕ್ಕ ಇನ್ನೊಂದು ಕಾಗದ ಬೇಕು, ಈ ವಾರದೊಳಗ. ಇಲ್ಲಂದರ ಜಾಗ ಇನ್ನೊಬ್ಬರಿಗೆ.

ಮಾಸ್ತರ ತಲಿ ಮ್ಯಾಲೆ ಕೈ ಹೊತ್ತರು. ಹುಡುಗಿ ಮೊಬೈಲು ಇಟ್ಟು ನನ್ನ ಕಡೆ ನೋಡಿದಳು.

"ಅಜ್ಜಿ, ಅಂಚೆಯಣ್ಣ ನಿನ್ನ ಕೇಳಿದ್ದನೇನು?"

"ಕೇಳಿದ್ದ."

"ಏನಂದಿ?"

"ನೀ ಹೇಳಿಕೊಟ್ಟದ್ದ ಅಂದೆ."

 ಆಕಿ ನಗಾಕ ಹತ್ತಿದಳು. ನಗೂ ಅಲ್ಲ ಅದು, ಹಾಳು ಬಾವಿಯಾಗ ಕಲ್ಲು ಹಾಕಿದಂಗ. ಕಣ್ಣು ಒರಸಿಕೊಂಡು ಅಂದಳು, "ಹೋಗಜ್ಜಿ. ನಿನ್ನ ಬಾಯಿಗೆ ಹಾಕಿದ ಬೀಗ ತೆಗದೀನಿ. ಹೋಗಿ ಬಸ್ಸಿನಾಗ ಹೇಳು, ಕುರುಗೋಡಿನಾಗ ಒಬ್ಬಾಕಿ ಪ್ರೊಫೆಸರ್ ಅದಾಳಂತ. ಒಂದು ದಿನದ ಮಟ್ಟಿಗರ ಇರ್ತೀನಿ."

ಹೇಳಿದೆ. ಅದ ಸಂಜಿ ಬಸ್ಸಿನಾಗ ಬಳಿ ಮಾರಾಕಿಯ ಕೈ ನಾನ ಹಿಡದು, ಮೊದಲಿನಿಂದ ಕಡೀತನಕ ಹೇಳಿದೆ. ಯಾರು ಯಾರ ಜೊತಿ ಓಡಿದರು, ಯಾರ ಕೂಸು ಯಾರ ಮೂಗು ಹೊತ್ತೈತಿ, ನಾನು ಹೇಳಿದ್ದೆಲ್ಲ ನಂಬಿದ ಬಸ್ಸು ಅದು. ಬಳಿ ಮಾರಾಕಿ ಪೂರಾ ಕೇಳಿದಳು, ಆಮ್ಯಾಲೆ ಕೈ ಬಿಡಿಸಿಕೊಂಡಳು.

"ಸುಮ್ಮನ ಕೂಡಬೇ," ಅಂದಳು. "ಇಷ್ಟು ವರ್ಷದಾಗ ಇದೊಂದು ಸುಳ್ಳು ಹೇಳಿದಿ ನೋಡು. ಅಂಥವರು ಯಾರೂ ಇಲ್ಲ ಅಂತ ಅಂಚೆಯಣ್ಣನೇ ಬರದು ಕೊಟ್ಟಾನಂತ."